ಅರ್ಧ ಮೊಹರು

ಪಾಟನ್ನಿನ ಓಣಿಯಲ್ಲಿ ಅಷ್ಟಮಾನ್ ಶಾಕ್ಯನ ಅಂಗಡಿ.
ಒಳಗೆ ಇಬ್ಬರು ಕೂತರೆ ಮೂರನೆಯವರೇ ಬಾಗಿಲು.
ಶನಿವಾರ ಶಾಲೆಗೆ ರಜೆ;
ಅವನ ತಕ್ಕಡಿಯ ಪಕ್ಕ ನನ್ನ ಭೂತಗನ್ನಡಿ.
ಕರಗಿಸಲು ಬಂದ ಬೆಳ್ಳಿಯೊಳಗಿಂದ
ಅರಸರನ್ನು ಹೆಕ್ಕಿಕೊಳ್ಳುವುದು ನನ್ನ ಚಟ.

ಒಂದು ಕಣಿವೆ, ಮೂರು ಊರು, ಮೂರು ಸಿಂಹಾಸನ.
ಹಗಲೆಲ್ಲ ದಾಯಾದಿ ಜಗಳ,
ಸಂಜೆ ಟಂಕಸಾಲೆಯಲ್ಲಿ ಒಬ್ಬನಿಗಿಂತ ಒಬ್ಬ ಚೆಂದ:
ಖಡ್ಗ, ತ್ರಿಶೂಲ, ಕಲಶ, ಚೌಕದೊಳಗೆ ಚೌಕ.
ಹಗೆ ಇಷ್ಟು ದುಂಡಗೆ ಬರೆದದ್ದನ್ನು
ನಾನು ಬೇರೆಲ್ಲೂ ಓದಿಲ್ಲ.

ಪುಷ್ಯದ ಚಳಿಗೆ ರಸುವಾದಿಂದ ಬಂದಳು ಮೆಂದೊ ತಾಮಾಂಗ್.
ಕೊರಳಿಂದ ತೆಗೆದು ಇಟ್ಟಳು ಹನ್ನೊಂದು ನಾಣ್ಯದ ಸರ,
ಸಾಸಿವೆ ಎಣ್ಣೆ, ಒಲೆಯ ಹೊಗೆ, ಬೆವರು.
"ಹತ್ತನ್ನು ಕರಗಿಸು. ಮೊಮ್ಮಗಳಿಗೆ ಬಳೆ."
ನಾನು ಬಾಯಿ ಹಾಕಿದೆ:
"ಈ ಕೊಂಡಿಯ ಬೆಸುಗೆ ಇಲ್ಲದಿದ್ದರೆ ದುಪ್ಪಟ್ಟು ಬೆಲೆ, ಅಮ್ಮ."
"ಬೆಸುಗೆ ಇಲ್ಲದಿದ್ದರೆ ಎಂದೋ ತ್ರಿಶೂಲಿ ಹೊಳೆಯ ಪಾಲು," ಅಂದಳು,
ಹುಣಿಸೆ ಕಚ್ಚಿದವಳ ಹಾಗೆ ಮುಖ ಮಾಡಿ.

ಹನ್ನೊಂದನೆಯದು ಅರ್ಧ.
ಉಳಿಯಿಂದ ಒಂದೇ ಏಟಿಗೆ ಕಡಿದದ್ದು.
ಅರಸನ ಹೆಸರು ಆ ಕಡೆ ಹೋಗಿದೆ;
ಈ ಕಡೆ ತ್ರಿಶೂಲದ ಒಂದೂವರೆ ಹಲ್ಲು,
ಅಂಚಿನಲ್ಲಿ 'ಮಲ್ಲ ದೇ'.
'ವ' ಇಲ್ಲ.
ನೇಪಾಳಿಯಲ್ಲಿ ದೇ ಎಂದರೆ ಕೊಡು,
ಮರ್ಯಾದೆ ಇಲ್ಲದ ಕೊಡು.

"ಮುತ್ತಜ್ಜ ಉಪ್ಪಿಗೆಂದು ಕೇರುಂಗ್ ಘಟ್ಟ ಹತ್ತಿದ್ದ.
ಆ ಕಡೆ ಚಿಲ್ಲರೆ ಇಲ್ಲ. ಅರಸನನ್ನೇ ಕಡಿದರು.
ಅರ್ಧ ಉಪ್ಪಾಯಿತು."

ಇಡಿಯ ನಾಣ್ಯದ ಬೆಲೆ ಹೇಳಿದೆ. ಎರಡರದು ಹೇಳಿದೆ.
ಒಂದು ತಿಂಗಳ ಸಂಬಳದವರೆಗೆ ಹೋದೆ.
ಅವಳು ಸೊಂಟದ ಪಟುಕಾಕ್ಕೆ ಸಿಕ್ಕಿಸಿಕೊಂಡು
ಮೂಸೆಯ ಕಡೆ ನೋಡುತ್ತ ಕೂತಳು.
"ಉಪ್ಪಿನ ಋಣ ಮಾರುತ್ತಾರೆಯೇ, ಮಾಸ್ತರರೇ?"

ಬೆಂಕಿ ನೀಲಿಯಾಯಿತು.
ದೇ, ದೇ ಎಂದು ನಾನು ಅರ್ಧದ ಹಿಂದೆ ಬಿದ್ದಿದ್ದಾಗ
ಇಡಿಯವು ಹತ್ತೂ ಒಂದರ ಮೇಲೊಂದು ಕಾಲು ಮಡಚಿ ಕೂತು
ನೀರಾದವು.
ಅದರಲ್ಲೊಂದರ ಮೇಲೆ ರಾಣಿಯ ಹೆಸರಿತ್ತು.
ಓದಿದ್ದೆ. ಪಕ್ಕಕ್ಕೆ ಇಡಲಿಲ್ಲ.
ನೆನಪಾದದ್ದು ರಾತ್ರಿ, ಊಟದ ಕೈ ತೊಳೆಯುವಾಗ.

ಮುಂದಿನ ಶನಿವಾರ ಅಷ್ಟಮಾನ್
ಮೂಸೆಯ ತಳಕ್ಕೆ ಅಂಟಿದ್ದ ಹನಿಯೊಂದನ್ನು ಕೆರೆದು ಕೊಟ್ಟ:
"ತಗೋ, ನಿನ್ನ ರಾಣಿ." ನಕ್ಕ.
ತೂಗಿದೆವು. ಒಂದು ಗುಲಗಂಜಿ, ಅಷ್ಟೇ.
ಆಲ್ಬಮ್ಮಿನ ಖಾಲಿ ಮನೆಯಲ್ಲಿ ಇಟ್ಟಿದ್ದೇನೆ.
ತೂಕ ಬರೆದೆ, ಊರು ಬರೆದೆ.
ಯಾರ ಕಾಲದ್ದು ಎಂಬಲ್ಲಿ
ಪೆನ್ನು ಹಿಡಿದು
ಇನ್ನೂ ಕೂತಿದ್ದೇನೆ.