ಮತ್ತೆ ಅದೇ ಹೆಸರು

ನೂಕ್‌ನಲ್ಲಿ ಡಿಸೆಂಬರಿನ ಬಿಸಿಲು
ಹತ್ತೂವರೆಗೆ ಬಂದದ್ದು
ನಾವು ಊಟದ ತಟ್ಟೆ ಎತ್ತುವ ಹೊತ್ತಿಗೆ ಎದ್ದು ಹೊರಟಿರುತ್ತದೆ.
ಉಳಿದ ದಿನಕ್ಕೆ ಕಂಪ್ಯೂಟರಿನ ಬೆಳಕೇ ಗತಿ.

ನನ್ನೆದುರು ಹದಿನೇಳು ಊರುಗಳ ಮೀನಿನ ಲೆಕ್ಕ:
ಯಾರ ದೋಣಿ, ಎಷ್ಟು ಗಾಳ, ಹಾಲಿಬಟ್ ಎಷ್ಟು ಕಿಲೊ.
ಮೊದಮೊದಲು ಊರಿಗೊಂದು ಹೆಸರು ಕೊಡುತ್ತಿದ್ದೆ:
ಮೀನು೧, ಮೀನು೨, ಮೀನು೨_ಸರಿ,
ಮೀನು೨_ಸರಿ_ಇದೇ_ಕೊನೆ.
ಲಾರ್ಸೆರಾಕ್ ಭುಜದ ಮೇಲಿಂದ ಇಣುಕಿ ನಕ್ಕ:
"ಇದು ಪ್ರೋಗ್ರಾಮೋ, ಚರ್ಚಿನ ಜನನದ ಪುಸ್ತಕವೋ?
ಒಂದೇ ಹೆಸರು ಸಾಕು ಮಾರಾಯ್ತಿ.
ಊರುಗಳು ಸರದಿಯಲ್ಲಿ ಬಂದು
ಅದರೊಳಗೆ ಕೂತು, ಎದ್ದು ಹೋಗಲಿ."

ಹಾಗೇ ಮಾಡಿದೆ. ಮುನ್ನೂರು ಸಾಲು ಹನ್ನೆರಡಕ್ಕೆ ಇಳಿಯಿತು.
ಯಾವ ಸುತ್ತಿಗೂ ಹೆಸರು ಅದೇ, ಮೀನು.
ಕ್ಷೌರದಂಗಡಿಯ ಒಂಟಿ ಕುರ್ಚಿಯ ಹಾಗೆ:
ಎದ್ದವನ ಕೂದಲು ಗುಡಿಸು, ಮುಂದಿನವನನ್ನು ಕರೆ.

ಗುಡಿಸುವುದು ಮರೆತಿತ್ತು.

ಎಂಟನೆಯ ಊರಿನ ಸರಾಸರಿ ಇನ್ನೂರ ಹನ್ನೆರಡೂವರೆ ಕಿಲೊ ಚಿಲ್ಲರೆ.
ಒಂಬತ್ತನೆಯದೂ ಇನ್ನೂರ ಹನ್ನೆರಡೂವರೆ ಚಿಲ್ಲರೆ.
ಅಕ್ಕಪಕ್ಕದವು, ಇದ್ದೀತು, ಎಂದು ಕಾಫಿಗೆ ಹೋಗಿ ಬಂದೆ.
ಆ ಚಿಲ್ಲರೆ, ದಶಮಾಂಶದ ಆರನೆಯ ಮನೆಯವರೆಗೂ
ಕೂಡಿಕೊಂಡೇ ಇತ್ತು.
ಬೆನ್ನು ತಣ್ಣಗಾಯಿತು.

ಒಂಬತ್ತನೆಯ ಊರಿನಲ್ಲಿ ಆ ವರ್ಷ ಮೀನು ಹಿಡಿದವರೇ ಇಲ್ಲ.
ಅಂಗಡಿ ಮುಚ್ಚಿದ ಮೇಲೆ ಕೊನೆಯ ಎರಡು ಸಂಸಾರ
ನಾಯಿಗಳನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೋಗಿದ್ದವು.
ಕಡತದಲ್ಲಿ ಆ ಊರಿಗೆ ಒಂದು ಸಾಲೂ ಇರಲಿಲ್ಲ.
ತಪ್ಪು ಬಂದರೆ ನಿಲ್ಲಬೇಡ, ಮುಂದೆ ನಡೆ,
ಎಂದು ಆಜ್ಞೆ ಬರೆದವಳು ನಾನೇ.
ಅದು ನಡೆಯಿತು,
ಪಕ್ಕದೂರಿನ ಮೀನನ್ನು ಹಾಗೇ ಹೊತ್ತು ತಂದು
ಖಾಲಿ ಮನೆಗಳ ಹೊಸ್ತಿಲಲ್ಲಿ ಇಳಿಸಿ.

ಪ್ರತಿ ಸುತ್ತಿನ ತಲೆಗೆ ಒಂದು ಸಾಲು ಸೇರಿಸಿದೆ:
ಮೊದಲು ಮೀನು ಬರಿದಾಗಲಿ.
ಸೊನ್ನೆ ಬೇಡ.
ಸೊನ್ನೆ ಎಂದರೆ ಗಾಳ ಹಾಕಿ ಬರಿಗೈಲಿ ಬಂದದ್ದು.
ಇದು ಗಾಳ ಹಾಕುವ ಕೈಯೇ ಇಲ್ಲದ್ದು.
ಪಟ್ಟಿಯಲ್ಲಿ ಒಂಬತ್ತನೆಯ ಊರಿನೆದುರು
ಒಂದು ಚುಕ್ಕೆ ಬಂದು ಕೂತಿತು.

ರಾತ್ರಿ ಅಜ್ಜಿ ಬೆರ್ಗಿಥೆಯ ಫೋನು.
"ಊಟ ಆಯಿತಾ, ನನ್ನ ಗಂಡ?"

ಹಿಮದ ಮೇಲೆ ಹೋದ ಅಜ್ಜ ತಿರುಗಿ ಬರದೆ
ನಾಲ್ಕು ತಿಂಗಳಿಗೆ ನಾನು ಹುಟ್ಟಿದೆ.
ಪಾಸ್‌ಪೋರ್ಟಿನಲ್ಲಿ ಸೆವೆರೀನೆ, ಅಡುಗೆಮನೆಯಲ್ಲಿ ಊಸಕ್ಕಾಕ್.
ಹೆಣ್ಣಾದದ್ದು ಹೆಸರಿಗೆ ಅಡ್ಡ ಬರಲಿಲ್ಲ.
ಅವನ ಕಾಫಿಗೆ ಮೂರು ಚಮಚ ಸಕ್ಕರೆ,
ಬಾಯಿ ಬರುವ ಮುಂಚೆಯೇ ನನ್ನ ಹಾಲಿಗೂ ಮೂರು.
ಅಮ್ಮ ಎಂದೂ ನನ್ನ ಮೇಲೆ ಕೈ ಎತ್ತಿದವಳಲ್ಲ;
ಹೆತ್ತ ಅಪ್ಪನಿಗೆ ಯಾರಾದರೂ ಹೊಡೆಯುತ್ತಾರೆಯೇ?

ದಿನದ ತಲೆನೋವನ್ನೆಲ್ಲ ಹೇಳಿಕೊಂಡೆ:
ಒಂದೇ ಹೆಸರನ್ನು ಸುತ್ತಿಸಿದ್ದು, ತೊಳೆಯದೆ ಬಿಟ್ಟದ್ದು,
ಹಳೆಯದು ಒಳಗೇ ಉಳಿದು ಹೊಸದರ ಹಾಗೆ ಮಾತಾಡಿದ್ದು.
"ಅದರಲ್ಲಿ ತಪ್ಪೇನು?" ಎಂದಳು.
ನಿಜವಾಗಿ ಕೇಳಿದಳೋ, ಗೇಲಿಯೋ, ತಿಳಿಯಲಿಲ್ಲ.
ಆಚೆ ಯಾವುದೋ ಪಾತ್ರೆ ಕುದಿಯುತ್ತಿತ್ತು.

"ಯಾವ ಊರು ಅದು, ಒಂಬತ್ತನೆಯದು?"
ಹೇಳಿದೆ.
"ಅಯ್ಯೋ, ಅಲ್ಲಿ ನಿನ್ನ ತಂಗಿ ಇದ್ದಳಲ್ಲ!"

ನಾನು ಒಬ್ಬಳೇ ಮಗಳು.
ಕಿಟಕಿಯಾಚೆ ಒಂದು ದೋಣಿಯ ದೀಪ
ಬಂದರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತು
ಬೇಕಾಯಿತು ನನಗೆ, ಯಾರ ತಂಗಿ ಎಂದು ಹೊಳೆಯಲು.

"ಹೆಸರೇನು ಅವಳದು?"

"ಪಾರ್ನಾಕ್. ಹೋಗಿ ಆರು ವರ್ಷವಾಯಿತು," ಎಂದಳು ಅಜ್ಜಿ,
"ಈಗ ಆ ಹೆಸರು ಯಾರ ಹತ್ತಿರ ಇದೆಯೋ,
ವಿಚಾರಿಸಬೇಕು."