ಹಲ್ಲು ಮಸೆಯೋ ಹುಲಿ

ಆಷಾಢದ ಸೋನೆ. ಕಲಾಮಂದಿರದ ಹಿಂದುಗಡೆ
ಜನರೇಟರು ಗುರುಗುಟ್ಟೋ ಜಾಗ.
ನಮ್ಮೋರು ಐದು ಜನ, ಐದು ತಮಟೆ,
ಬೆಂಕಿ ನೋಡ್ಕಳ್ಳೋಕೆ ನಾನು.
ಪಟ್ಟೀಲಿ ಹೊಂಬಾಳಮ್ಮ ಅಂತ ಹೆಸರಿಲ್ಲ.
ಊಟದ ಚೀಟಿಯೂ ಐದೇ.

ಆ ಕಡೆ ಟಾರ್ಪಾಲಿನಡಿ ಚೀನಾದೋರು,
ಹಳದಿ ಹೊಳೆ ತಿರುವಿನ ಸೀಮೆಯೋರಂತೆ.
ಕೆಂಪು ಬಳಿದ ನಗಾರಿ, ರಾಗಿ ವಾಡೆಯಷ್ಟು ಗಾತ್ರ,
ಬಾಯಿ ಸುತ್ತ ಹಿತ್ತಾಳೆ ಮೊಳೆ.
ಬಾರಿಸೋರಲ್ಲಿ ಹೆಂಗಸರು ಆರು ಜನ.
ಎರಡು ಸಲ ಎಣಿಸ್ದೆ. ಆರು.

ಥಂಡಿಗೆ ಅವರ ಚರ್ಮ ಸಡಿಲ ಬಿದ್ದಿತ್ತು.
ಹೊಡೆದ್ರೆ ಒದ್ದೆ ಗೋಣಿಗೆ ಹೊಡೆದಂಗೆ, ದೊಪ್ಪ್.
ಜುಟ್ಟು ಕಟ್ಟಿದ ಹುಡುಗಿಯೊಬ್ಬಳು
ಅಂಗೈ ಇಟ್ಟು ನೋಡಿ, ಕಿವಿ ಇಟ್ಟು ನೋಡಿ,
ಎಮ್ಮೆ ಈಯಲಾರದೆ ಒದ್ದಾಡುವಾಗ ನಾವು ನಿಲ್ತೀವಲ್ಲ
ಹಂಗೆ ನಿಂತ್ಲು.

"ನಮಗ್ಯಾಕೆ ಬುಡು" ಅಂದ್ರು ನಮ್ಮೆಜಮಾನ್ರು.
ನಲವತ್ತು ವರ್ಷ ಚರ್ಮ ಹದ ಮಾಡಿದ ಕೈ ಬುಡ್ತದಾ?
ಸುಣ್ಣದ ತೊಟ್ಟೀಲಿ ನೆಂದು ಉಗುರು ಸುಲಿದ ಕೈ,
ಕೂದಲು ಹೆರೆದು, ಕೊಬ್ಬು ಹೆರೆದು,
ಹುಣಸೆಬೀಜದ ಅಂಟು ಕಾಸಿ ಬಳೆಗೆ ಬಿಗಿದು
ನೆರಳಲ್ಲಿ ಒಣಗಿಸಿ ಆದ ಮೇಲೆ
"ಆಯ್ತು, ತಾ ಇಲ್ಲಿ" ಅಂತ ಗಂಡಸ್ರು ಈಸ್ಕಳ್ಳೋರು.
ಬಾರಿಸಿದ್ದು ಅವರು. ಕುಣಿದಿದ್ದು ಊರು.

ಹತ್ರ ಹೋಗಿ "ಹೆಸರು ಯಾನ ಮೊಗ?" ಅಂದೆ.
ಬೆಚ್ಚಿಬಿದ್ದು ತಿರುಗಿದ್ಲು.
"ಯಾನ್!" ಅಂತ ಎದೆ ಮುಟ್ಕಂಡ್ಲು.
"ಅದೇ ಕನ ಕೇಳಿದ್ದು, ಯಾನ?"
"ಯಾನ್, ಯಾನ್!"
ತನ್ನ ಹೆಸರು ಈ ಮುದುಕಿಗೆ ಯಾರು ಹೇಳಿದ್ರು ಅಂತ
ಅವಳ ಕಣ್ಣು ಅಷ್ಟಗಲ.
ದುಭಾಷಿ ಹುಡುಗ ನಕ್ಕು ನಕ್ಕು ಕೆಸರಲ್ಲೇ ಕೂತ.

ಮೂಟೇಲಿ ಕಬ್ಬಿನ ರವದಿ ತಂದಿದ್ದೆ, ಒಂದಷ್ಟು ಬೆರಣಿ.
ರವದಿ ಹತ್ತೋಕೆ, ಬೆರಣಿ ಕಾಯೋಕೆ.
ನಗು ನಿಂತು ದುಭಾಷಿ ಬೆವರಿದ:
"ಸುಟ್ರೆ ನನ್ ಕೆಲಸ ಹೋಗ್ತದೆ ಅಜ್ಜಿ."
ಯಾನ್ ಅವನ ಕಡೆ ನೋಡಲಿಲ್ಲ.
ನನ್ನ ಉಗುರು ನೋಡಿದ್ಲು, ವಸಿ ಹೊತ್ತು.
ಆಮೇಲೆ ತಾನೇ ನಗಾರಿಯ ಒಂದು ಬದಿ ಹಿಡಿದ್ಲು.

ಮೊಳೆ ಹೊಡೆದ ಚರ್ಮ, ದೂರದಿಂದಲೇ ಕಾಯಬೇಕು,
ಬಾಣಂತಿ ಕೋಣೇಲಿ ಕೂಸಿಗೆ ಶಾಖ ಕೊಟ್ಟಂಗೆ.
ತಿರುಗಿಸ್ತಾ, ತಟ್ಟಿ ಕೇಳ್ತಾ, ತಿರುಗಿಸ್ತಾ,
ದೊಪ್ಪ್ ಹೋಗಿ ದಮ್ ಆಯ್ತು,
ದಮ್ ಹೋಗಿ ಢಣ್ ಆಗೋಕೆ ಒಂದು ಕೂದಲೆಳೆ ಮುಂಚೆ
"ಸಾಕು" ಅಂದೆ.
ಅವಳೂ ಅದೇ ಗಳಿಗೇಲಿ ಏನೋ ಅಂದ್ಲು.

ಪರದೆ ಸಂದೀಲಿ ನಿಂತು ಕಾದೆ,
ನಾನು ಕಾಸಿದ ಚರ್ಮ ಹೆಂಗೆ ನುಡೀತದೆ ಅಂತ.
ಅವಳು ಚರ್ಮ ಮುಟ್ಟಲೇ ಇಲ್ಲ!
ಕೋಲನ್ನ ಮೊಳೆಸಾಲಿನ ಮೇಲೆ ಎಳೆದ್ಲು:
ಕರ್ರ್ರ್. ಕರ್ ಕರ್. ಕರ್ರ್ರ್ರ್.
ಅಂಚಿನ ಮೇಲೆ, ಮರದ ಹೊಟ್ಟೆ ಮೇಲೆ, ಕೋಲಿಗೆ ಕೋಲು.
"ಹುಲಿ ಹಲ್ಲು ಮಸೀತಾ ಅದೆ" ಅಂತ ದುಭಾಷಿ ಪಿಸುಗುಟ್ಟಿದ.
ಅವರ ಸೀಮೇಲಿ ಆ ಬಡಿತಕ್ಕೆ ಅದೇ ಹೆಸರಂತೆ.

ನಂಗೆ ಹುಲಿ ಕಾಣಲಿಲ್ಲ.
ಕಂಡಿದ್ದು ನಮ್ಮ ಹಟ್ಟಿ ಹಿತ್ತಲು, ಕೋಳಿ ಕೂಗೋ ಹೊತ್ತು,
ಹಲಗೆ ಮೇಲೆ ಹರಡಿದ ಚರ್ಮ, ಮೊಂಡು ಕತ್ತಿ,
ಕರ್ರ್ರ್ ಅಂತ ಹೆರೀತಿದ್ದ ನಮ್ಮವ್ವ,
ಅವಳ ಬಗಲಲ್ಲಿ ನಾನು.
ಆ ಸದ್ದು ಕೇಳಿದ್ರೆ ದಾರೀಲಿ ಹೋಗೋರು
ಮೂಗು ಮುಚ್ಕಂಡು ಬಿರಬಿರನೆ ನಡೆಯೋರು.
ಇಲ್ಲಿ ಮುಂದಿನ ಸಾಲಿನ ಕೋಟಿನೋರು
ಕೆಮ್ಮಲೂ ಹೆದರಿ ಕೂತವ್ರೆ.

ಕಟ್ಟಕಡೆಗೆ ಒಂದೇ ಒಂದು ಏಟು, ನಡು ಚರ್ಮಕ್ಕೆ.
ನನ್ನ ಹಲ್ಲೆಲ್ಲ ಝುಮ್ಮಂತು.

ರಾತ್ರಿ ನಂಜನಗೂಡು ಬಸ್ಸು.
ಕಂಡಕ್ಟರು ಐದು ತಮಟೆಗೂ ಲಗೇಜು ಹರಿದ.
ಗಂಡಸ್ರು ನಿದ್ದೆ ಹೋದ್ರು.
ಮಡಿಲಲ್ಲಿದ್ದ ಸಣ್ಣ ಕಡ್ಡಿ ತಕ್ಕಂಡು
ಕಿಟಕಿ ಸರಳಿನ ಮೇಲೆ ಎಳೆದೆ. ಕರ್ರ್ರ್.
ಇನ್ನೊಂದು ಸಲ, ವಸಿ ಜೋರಾಗಿ.
ಎಜಮಾನ್ರು ಕಣ್ಣು ಬಿಡದೆ ಗೊಣಗಿದ್ರು:
"ಯಾನ ಅದು?"

"ಯಾನ್" ಅಂದೆ.