ಎಂಟು ಕ್ಲಿಕ್

ಸೌನಾದ ಜಗಲಿಯ ಮೇಲೆ ಹಳೆಯ ಟವೆಲು ಹಾಸಿ
ಅಪ್ಪನ ಕೋವಿಯನ್ನು ನೆಟ್ಟಗೆ ಕೂರಿಸಿದೆ,
ಎರಡು ರೈ ಹಿಟ್ಟಿನ ಚೀಲಗಳ ನಡುವೆ.
ಒಳಗೆ ಗುಂಡಿಲ್ಲವೆಂದು ಒಮ್ಮೆ ನೋಡಿದೆ.
ನೋಡಿದ್ದೆನಲ್ಲ ಎಂದು ಇನ್ನೊಮ್ಮೆ.

ತಿರುಪು ನಾಲ್ಕು, ಬಾರ್ಲಿ ಕಾಳಿನಷ್ಟು.
ಸ್ಪಿರಿಟ್ಟಿನಲ್ಲಿ ಅದ್ದಿ ಜಿಡ್ಡು ತೆಗೆದೆ,
ಒಂದೊಂದಕ್ಕೂ ನೀಲಿ ಅಂಟು, ಒಂದೇ ತೊಟ್ಟು.
"ಕೈಯಳತೆ ಸಾಕು" ಎನ್ನುತ್ತಿದ್ದ ಅಪ್ಪ, ಎಲ್ಲದಕ್ಕೂ,
ಉಪ್ಪಿಗೂ, ಕೊಡಲಿಗೂ, ನನ್ನ ಕೆನ್ನೆಗೂ.
ನಾನು ತೌನೋನಿಂದ ಅಳತೆಯ ಸ್ಪ್ಯಾನರು ಕಡ ತಂದಿದ್ದೇನೆ.
ಬಿಗಿ ಸಾಕಾದಾಗ ಅದೇ ಟಕ್ ಎನ್ನುತ್ತದೆ.
ಸಾಕು ಎಂದು ಹೇಳಬಲ್ಲ ಸಾಮಾನು
ಈ ಮನೆಗೆ ಬಂದದ್ದು ಇದೇ ಮೊದಲು.

ತಿರುಪಿನ ತಲೆಯಿಂದ ಕಬ್ಬಿಣದವರೆಗೆ
ಹೆಲ್ಕಾಳ ಉಗುರುಬಣ್ಣದಲ್ಲಿ ಒಂದು ಗೆರೆ.
ತಿರುಪು ಕದಲಿದರೆ ಗೆರೆ ಮುರಿದು
ಚಾಡಿ ಹೇಳುತ್ತದೆ.
ಮೊಮ್ಮಗಳು ಇನ್ನೂ ಸೀಸೆ ಹುಡುಕುತ್ತಿದ್ದಾಳೆ.

ಗುಂಡಿ ಒತ್ತಿದೆ. ಗಾಜಿನಲ್ಲಿ ಕೆಂಪು ಹುಟ್ಟಿತು.
ಚುಕ್ಕಿಯಲ್ಲ, ಬೂಟಿನಡಿ ಸಿಕ್ಕ ಪುವೊಲುಕ್ಕ ಹಣ್ಣು,
ಪಕ್ಕಕ್ಕೊಂದು ಬಾಲ.
ಅಂಗಡಿಯವನಿಗೆ ಬಯ್ಯಲು ಫೋನೆತ್ತಿದವಳು
ಮೊದಲು ಅದರಲ್ಲೇ ಒಂದು ಚಿತ್ರ ತೆಗೆದೆ:
ಚಿತ್ರದಲ್ಲಿ ಚುಕ್ಕಿ ಗುಂಡಗೆ, ಸೂಜಿಮೊನೆಯ ಹಾಗೆ.
ಕೆಟ್ಟದ್ದು ನನ್ನ ಕಣ್ಣು. ಅಂಗಡಿಯವನು ಬಚಾವಾದ.
ಬೆಳಕನ್ನು ಎರಡು ಮೆಟ್ಟಿಲು ಇಳಿಸಿದೆ, ಬಾಲ ಮೊಂಡಾಯಿತು.

ತೌನೋ ಕೇಳಿದ: ಈ ಕೆಂಪು ಹಿರ್ವಿಯ ಮೈಮೇಲೆ ಬಿದ್ದರೆ
ಅದು ಬೆದರುವುದಿಲ್ಲವೇ?
ಇಲ್ಲ ಮಾರಾಯ, ಇದು ಎಲ್ಲಿಗೂ ಹೋಗುವುದಿಲ್ಲ.
ಗಾಜಿಗೆ ತಗುಲಿ ನನ್ನ ಕಣ್ಣಿಗೇ ಮರಳುತ್ತದೆ.
ಜೌಗಿನಾಚೆ ನಿಂತ ಆ ಮಹಾ ಕಡವೆಗೆ
ತನ್ನ ಹೆಗಲ ಮೇಲೆ ಏನು ಕೂತಿದೆಯೆಂದು ಗೊತ್ತೇ ಆಗದು.
ಹೇಳಿ ಮುಗಿಸಿದ ಮೇಲೆ ನನ್ನ ಬಾಯಿ ಒಣಗಿತ್ತು.

ಇರುವ ಗುರಿಯಿಂದಲೇ ಶುರುಮಾಡಿ ಎಂದಿತ್ತು ಕೈಪಿಡಿ.
ಹಿಂದಿನ ಕಚ್ಚು, ಮುಂದಿನ ಮೊಳೆ, ಅಪ್ಪನವು;
ಮೊಳೆಯ ತುದಿಯಲ್ಲಿ ಕೆಂಪನ್ನು ಕೂರಿಸಿದೆ,
ಬೆಂಕಿಕಡ್ಡಿಗೆ ಮದ್ದು ಹಚ್ಚಿದ ಹಾಗೆ.

ಮರಳುಗುಂಡಿಯಲ್ಲಿ ಐವತ್ತು ಮೀಟರು ಅಳೆದು
ರಟ್ಟು ಬಡಿದು ಬಂದೆ. ಕಿವಿ ಮುಚ್ಚಿ, ಎರಡೂ ಕಣ್ಣು ತೆರೆದು
ಮೂರು ಗುಂಡು.
ಮೂರೂ ಒಂದು ಕಾಫಿಲೋಟದ ಬಾಯಗಲದಲ್ಲಿ,
ನಡುವಿನಿಂದ ಹನ್ನೆರಡು ಸೆಂಟಿಮೀಟರು ಎಡಕ್ಕೆ.
ಮತ್ತೆ ಮೂರು. ಅಲ್ಲೇ.

ಆ ಎಡ ನನಗೆ ಗೊತ್ತು.
ಮೂವತ್ತೊಂದು ಶರತ್ಕಾಲ ಅದೇ ಎಡ.
"ಇರ್ಯಾ, ನಿನ್ನ ಕೈ ಒಳ್ಳೆಯದು, ಸೂಪಿಗೆ" ಎಂದು ನಕ್ಕು
ತಂಡದವರು ನನ್ನನ್ನು ಒಲೆಯ ಮುಂದೆ ಕೂರಿಸಿದ ಎಡ.

ಭೂತಗನ್ನಡಿ ಹಿಡಿದು ಮೊಳೆಯ ಬುಡ ನೋಡಿದೆ.
ಅರ್ಧ ಬೆಂಕಿಕಡ್ಡಿಯಷ್ಟು ಬಲಕ್ಕೆ ಸರಿದಿದೆ,
ಹಿತ್ತಾಳೆ ಉಳಿಯ ಗುರುತು, ಸುತ್ತಿಗೆಯ ಮೂರು ಏಟು.
ಅಪ್ಪನ ತೋರುಬೆರಳನ್ನು ಮರದ ಮಿಲ್ಲು ತಿಂದಿತ್ತು;
ನಡುಬೆರಳಲ್ಲಿ ಕುದುರೆ ಎಳೆದರೆ
ಕೋವಿ ಬಲಕ್ಕೆ ಜಗ್ಗುತ್ತಿತ್ತು.
ಯಾರಿಗೂ ಹೇಳದೆ ಕೋವಿಯನ್ನು ಎಡಕ್ಕೆ ಒಲಿಸಿಕೊಂಡ,
ಇಲ್ಲದ ಬೆರಳಿಗೆ ಸರಿಯಾಗಿ.
ಆಮೇಲೆ ನನ್ನ ಕೈಗೆ ಕೊಟ್ಟು
"ನೆಟ್ಟಗೆ ನೋಡು, ಹುಡುಗಿ" ಎಂದ.

ಒಂದು ಕ್ಲಿಕ್ಕಿಗೆ ಒಂದೂವರೆ ಸೆಂಟಿಮೀಟರು.
ನಾಣ್ಯದ ಅಂಚು ಕೊಟ್ಟು ತಿರುಗಿಸಿದೆ.
ಒಂದು, ಎರಡು, ಮೂರು, ನಾಲ್ಕು.
ಐದರಲ್ಲಿ ನಿಂತೆ. ಬಯ್ಯಬೇಕೆನಿಸಿತು.
ಬಯ್ಯಲು ಅವನ ಮುಖ ನೆನಪಿಗೆ ಬರಲಿಲ್ಲ,
ಬರೀ ಆ ಮೋಟುಬೆರಳು, ಚಳಿಗೆ ಅದಕ್ಕೆಂದೇ
ಅಮ್ಮ ಹೆಣೆದ ಉಣ್ಣೆಯ ಟೊಪ್ಪಿಗೆ.
ಆರು. ಏಳು.
ಎಂಟು.

ಮುಂದಿನ ಗುಂಡು ನಡುವನ್ನು ಹರಿಯಿತು.
ಹೋಗಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ
ತೂತಿಗೆ ಕಿರುಬೆರಳು ತೂರಿಸಿ ನೋಡಿದೆ.

ಈಗ ಗಾಜಿನಲ್ಲಿ ಮೊಳೆ ಒಂದು ಕಡೆ, ಕೆಂಪು ಒಂದು ಕಡೆ,
ಮಾತು ಬಿಟ್ಟ ನೆರೆಯವರ ಹಾಗೆ.
ಸುತ್ತಿಗೆ ಇದೆ, ಉಳಿ ಇದೆ, ಸರಿಪಡಿಸಲು ಎರಡು ನಿಮಿಷ,
ತೌನೋನೂ ಅದನ್ನೇ ಅಂದ.
ಇರಲಿ ಬಿಡು ಎಂದೆ.
ಶನಿವಾರ ಬೇಟೆ. ಸೂಪು ನೀನು ಮಾಡು.
ಉಪ್ಪು ಕೈಯಳತೆ ಸಾಕು.